ಎಂಟನೇ ತರಗತಿಯ ಬೀಜಗಣಿತ, ಹನ್ನೆರಡನೆಯ ಕ್ಯಾಲ್ಕುಲಸ್

ಅಮೆರಿಕದ ಪಬ್ಲಿಕ್ ಹೈಸ್ಕೂಲೆಂದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗಿನ ನಾಲ್ಕು ವರ್ಷ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಸಿಎಂಬಿಯೋ ಕಾಮರ್ಸೋ ಆರಿಸಿಕೊಂಡರೆ ಉಳಿದ ವಿಷಯಗಳು ತಾವಾಗಿ ಬರುತ್ತವೆ. ಅಲ್ಲಿ ಹಾಗಿಲ್ಲ. ಒಂದೊಂದು ವಿಷಯಕ್ಕೂ ಮಟ್ಟಗಳಿವೆ: ಸಾಧಾರಣ ತರಗತಿ, ಅದರ ಮೇಲೆ ಆನರ್ಸ್, ಅದಕ್ಕೂ ಮೇಲೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಅರ್ಥಾತ್ ಎಪಿ. ಒಂದೇ ಶಾಲೆಯಲ್ಲಿ ಒಂದೇ ವರ್ಷ ಓದುವ ಇಬ್ಬರು ಮಕ್ಕಳ ಕಲಿಕೆಯಲ್ಲಿ ಅಜಗಜಾಂತರ ಇರಬಹುದು. ಮೇಲಿನ ಮಟ್ಟಕ್ಕೆ ಯಾರು ಹೋಗಬೇಕು, ಅದನ್ನು ಯಾರು, ಯಾವಾಗ ತೀರ್ಮಾನಿಸಬೇಕು ಎಂಬುದರ ಸುತ್ತಲೇ ಅಲ್ಲಿನ ಪಾಲಕರ ಆತಂಕ ಬೆಳೆದಿದೆ.

ಎಪಿಯನ್ನು ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1955ರಿಂದ ನಡೆಸುತ್ತಿದೆ. ಕ್ಯಾಲ್ಕುಲಸ್, ಭೌತವಿಜ್ಞಾನ, ಇತಿಹಾಸ, ಅರ್ಥಶಾಸ್ತ್ರ ಹೀಗೆ ಸುಮಾರು 40 ವಿಷಯಗಳಲ್ಲಿ ಕಾಲೇಜು ಮಟ್ಟದ ಪಾಠ ಹೈಸ್ಕೂಲಿನಲ್ಲೇ ಸಿಗುತ್ತದೆ. ಮೇ ತಿಂಗಳಲ್ಲಿ ಪರೀಕ್ಷೆ. ಅಂಕ 1ರಿಂದ 5. ಮೂರೋ ಅದಕ್ಕಿಂತ ಹೆಚ್ಚೋ ಬಂದರೆ ಅನೇಕ ವಿಶ್ವವಿದ್ಯಾಲಯಗಳು ಆ ಕೋರ್ಸನ್ನು ಮುಗಿಸಿದಂತೆಯೇ ಲೆಕ್ಕ ಹಾಕುತ್ತವೆ. 2025ರಲ್ಲಿ ಒಂದು ಪರೀಕ್ಷೆಯ ಶುಲ್ಕ 99 ಡಾಲರ್. ಬಡ ಕುಟುಂಬದ ಮಕ್ಕಳಿಗೆ ರಿಯಾಯಿತಿ ಉಂಟು. ಕಾಲೇಜಿನ ಫೀಸಿನ ಎದುರು ಈ ಶುಲ್ಕ ಬಹಳ ಕಡಿಮೆ. ಶಾಲೆ ಕೊಡುವ ಶ್ರೇಣಿಯಲ್ಲೂ ಎಪಿಗೆ ತೂಕ ಹೆಚ್ಚು: ಸಾಧಾರಣ ತರಗತಿಯ ‘ಎ’ ಶ್ರೇಣಿಗೆ 4 ಅಂಕವಾದರೆ, ಎಪಿಯ ‘ಎ’ಗೆ ಹಲವು ಶಾಲೆಗಳು 5 ಕೊಡುತ್ತವೆ. ತನ್ನ ಶಾಲೆಯಲ್ಲಿದ್ದ ಕಠಿಣ ತರಗತಿಗಳನ್ನು ವಿದ್ಯಾರ್ಥಿ ತೆಗೆದುಕೊಂಡಿದ್ದಾನೆಯೇ ಎಂಬುದನ್ನು ಒಳ್ಳೆಯ ವಿಶ್ವವಿದ್ಯಾಲಯಗಳು ಪ್ರವೇಶದ ಹೊತ್ತಿಗೆ ನೋಡುತ್ತವೆ.

ಕೆಲವು ಊರುಗಳಲ್ಲಿ ಆ ತರಗತಿಯೇ ಇರುವುದಿಲ್ಲ. ಕಪ್ಪು ಮತ್ತು ಲ್ಯಾಟಿನೊ ಮಕ್ಕಳು ಹೆಚ್ಚಿರುವ ಹೈಸ್ಕೂಲುಗಳಲ್ಲಿ ಕ್ಯಾಲ್ಕುಲಸ್ ಇದ್ದದ್ದು ಸುಮಾರು ಶೇ. 35ರಲ್ಲಿ, ಆ ಮಕ್ಕಳು ಕಡಿಮೆಯಿರುವ ಶಾಲೆಗಳಲ್ಲಿ ಶೇ. 54ರಲ್ಲಿ ಎಂದು 2020-21ರ ಕೇಂದ್ರ ಶಿಕ್ಷಣ ಇಲಾಖೆಯ ಅಂಕಿಅಂಶ ಹೇಳುತ್ತದೆ. ಕ್ಯಾಲಿಫೋರ್ನಿಯಾದ ಇಂಗಲ್‌ವುಡ್‌ನ ವಿದ್ಯಾರ್ಥಿಗಳು 1999ರಲ್ಲಿ ಇದೇ ವಿಷಯಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅವರ ಹೈಸ್ಕೂಲಿನಲ್ಲಿ ಎಪಿ ವಿಷಯಗಳು ಮೂರೇ ಮೂರು; ಕೆಲವೇ ಮೈಲಿ ದೂರದ ಬೆವರ್ಲಿ ಹಿಲ್ಸ್‌ನಲ್ಲಿ ಹತ್ತಕ್ಕೂ ಹೆಚ್ಚು. ಆ ಮೊಕದ್ದಮೆಯ ನಂತರ ಇಂಥ ಶಾಲೆಗಳಲ್ಲಿ ಎಪಿ ಆರಂಭಿಸಲು ರಾಜ್ಯ ಅನುದಾನ ಕೊಟ್ಟಿತು. ಹಳ್ಳಿಗಾಡಿನ ಸಣ್ಣ ಶಾಲೆಗಳ ಕಷ್ಟ ಇನ್ನೊಂದು ಬಗೆಯದು: ಭೌತವಿಜ್ಞಾನಕ್ಕೆ ಶಿಕ್ಷಕರು ಸಿಕ್ಕರೂ ತರಗತಿ ನಡೆಸುವಷ್ಟು ಮಕ್ಕಳು ಸಿಗುವುದಿಲ್ಲ. ಅಂಥ ಕಡೆ ಆನ್‌ಲೈನ್ ಪಾಠ ಅಥವಾ ಹತ್ತಿರದ ಕಮ್ಯುನಿಟಿ ಕಾಲೇಜಿನ ತರಗತಿಯೇ ಗತಿ.

ತರಗತಿ ಇದ್ದರೂ ಸೀಟು ಸಿಗದಿರುವುದು ಇದಕ್ಕಿಂತ ಸೂಕ್ಷ್ಮವಾದ ಸಮಸ್ಯೆ. ಗಣಿತವನ್ನೇ ನೋಡಬಹುದು. ಹೈಸ್ಕೂಲ್ ಗಣಿತದ ಕ್ರಮ ಹೀಗಿದೆ: ಆಲ್ಜೀಬ್ರಾ 1, ಜ್ಯಾಮಿತಿ, ಆಲ್ಜೀಬ್ರಾ 2, ಪ್ರಿಕ್ಯಾಲ್ಕುಲಸ್, ಆಮೇಲೆ ಕ್ಯಾಲ್ಕುಲಸ್. ಐದು ಮೆಟ್ಟಿಲು, ಹೈಸ್ಕೂಲು ನಾಲ್ಕೇ ವರ್ಷ. ಒಂಬತ್ತನೇ ತರಗತಿಯಲ್ಲಿ ಆಲ್ಜೀಬ್ರಾ 1 ಹಿಡಿದ ಮಗು ಹನ್ನೆರಡರಲ್ಲಿ ಪ್ರಿಕ್ಯಾಲ್ಕುಲಸ್‌ಗೆ ಬಂದು ನಿಲ್ಲುತ್ತದೆ. ಕ್ಯಾಲ್ಕುಲಸ್ ಬೇಕಾದರೆ ಎಂಟರಲ್ಲೇ ಆಲ್ಜೀಬ್ರಾ ಮುಗಿದಿರಬೇಕು. ಹಾಗಾಗಬೇಕಾದರೆ ಆರನೇ ತರಗತಿಯಲ್ಲೇ ಮುಂದುವರಿದ ಗಣಿತದ ಗುಂಪಿಗೆ ಸೇರಿರಬೇಕು. ಎಂಜಿನಿಯರಾಗಬೇಕೆಂಬ ಹದಿನೇಳರ ಹುಡುಗಿಯ ದಾರಿಯನ್ನು ಅವಳ ಹನ್ನೊಂದನೇ ವಯಸ್ಸಿನ ಒಂದು ಪರೀಕ್ಷೆಯೋ ಶಿಕ್ಷಕರ ಒಂದು ಶಿಫಾರಸೋ ನಿರ್ಧರಿಸಿಬಿಟ್ಟಿರುತ್ತದೆ, ಎಷ್ಟೋ ಸಲ ತಂದೆತಾಯಿಗೆ ತಿಳಿಯದೆಯೇ. ಮಾರ್ಗದರ್ಶನ ಮಾಡಬೇಕಾದ ಕೌನ್ಸೆಲರುಗಳಿಗೆ ಪುರಸೊತ್ತಿಲ್ಲ. ಒಬ್ಬರಿಗೆ 250 ವಿದ್ಯಾರ್ಥಿಗಳಿರಬೇಕು ಎಂಬುದು ಅವರ ವೃತ್ತಿಸಂಘದ ಸಲಹೆ; ದೇಶದ ಸರಾಸರಿ ಅದಕ್ಕಿಂತ ಬಹಳ ಹೆಚ್ಚು. ವ್ಯವಸ್ಥೆ ತಿಳಿದ ಪಾಲಕರು ಶಾಲೆಗೆ ಪತ್ರ ಬರೆದು, ಮರುಪರೀಕ್ಷೆ ಬರೆಸಿ ಮಗುವನ್ನು ಮೇಲಿನ ಗುಂಪಿಗೆ ಸೇರಿಸುತ್ತಾರೆ. ಎರಡು ಪಾಳಿಯಲ್ಲಿ ದುಡಿಯುವ, ಇಂಗ್ಲಿಷ್ ಬಾರದ ತಾಯಿಗೆ ಹಾಗೊಂದು ಅವಕಾಶವಿದೆ ಎಂಬುದೇ ಗೊತ್ತಿರುವುದಿಲ್ಲ.

ಈ ಅನ್ಯಾಯವನ್ನು ಸರಿಪಡಿಸಲು ಸ್ಯಾನ್ ಫ್ರಾನ್ಸಿಸ್ಕೊ 2014ರಲ್ಲಿ ಹಿಡಿದ ದಾರಿ ದೇಶದ ಗಮನ ಸೆಳೆಯಿತು. ಎಂಟನೇ ತರಗತಿಯಿಂದ ಆಲ್ಜೀಬ್ರಾವನ್ನೇ ತೆಗೆದು, ಎಲ್ಲರೂ ಒಂಬತ್ತರಲ್ಲಿ ಒಟ್ಟಿಗೆ ಕಲಿಯಲಿ ಎಂದು ಅಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್ ತೀರ್ಮಾನಿಸಿತು. ಮಕ್ಕಳನ್ನು ಬೇಗ ವಿಂಗಡಿಸಬಾರದು ಎಂಬ ಉದ್ದೇಶ ಒಳ್ಳೆಯದೇ. ಆದರೆ ಕ್ಯಾಲ್ಕುಲಸ್ ಬೇಕಾದವರು ಒಂದೇ ವರ್ಷ ಎರಡು ಗಣಿತ ಓದಬೇಕಾಯಿತು, ಇಲ್ಲವೇ ಎರಡು ವರ್ಷದ ಪಾಠವನ್ನು ಒಂದರಲ್ಲಿ ಅಡಕಿಸಿದ ಕೋರ್ಸಿಗೆ ಸೇರಬೇಕಾಯಿತು. ಕೈಯಲ್ಲಿ ಹಣವಿದ್ದ ಪಾಲಕರು ಹೊರಗೆ ಆನ್‌ಲೈನ್ ಆಲ್ಜೀಬ್ರಾ ಕೊಡಿಸಿದರು. ಎಪಿ ಗಣಿತದಲ್ಲಿ ಜನಾಂಗಗಳ ನಡುವಿನ ಅಂತರ ಹೆಚ್ಚೇನೂ ಕಡಿಮೆಯಾಗಿಲ್ಲ ಎಂದು ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ತೋರಿಸಿದರು. 2024ರ ಫೆಬ್ರುವರಿಯಲ್ಲಿ ಶಾಲಾ ಮಂಡಳಿ ಎಂಟರ ಆಲ್ಜೀಬ್ರಾವನ್ನು ವಾಪಸ್ ತರಲು ಒಪ್ಪಿತು. ಮಾರ್ಚ್‌ನಲ್ಲಿ ನಡೆದ ಸಲಹಾತ್ಮಕ ಮತದಾನದಲ್ಲಿ ಶೇ. 80ಕ್ಕೂ ಹೆಚ್ಚು ಮತದಾರರು ಅದಕ್ಕೇ ಬೆಂಬಲ ಕೊಟ್ಟರು. ಮೇಲಿನ ತರಗತಿ ಮುಚ್ಚಿದಾಗ ನಿಜವಾಗಿ ನಷ್ಟ ಅನುಭವಿಸುವುದು ಬೇರೆಡೆ ಕಲಿಸಲು ದುಡ್ಡಿಲ್ಲದವರ ಮಕ್ಕಳು.

ಬಾಗಿಲು ತೆರೆದುಬಿಟ್ಟರೆ ಸಾಕೇ ಎಂದರೆ ಅದೂ ಸಾಲದು. ಬೊಲಿವಿಯಾದಿಂದ ವಲಸೆ ಬಂದ ಹೈಮೆ ಎಸ್ಕಲಾಂಟೆ 1974ರಲ್ಲಿ ಪೂರ್ವ ಲಾಸ್ ಏಂಜಲಿಸ್‌ನ ಗಾರ್‌ಫೀಲ್ಡ್ ಹೈಸ್ಕೂಲಿಗೆ ಶಿಕ್ಷಕರಾಗಿ ಸೇರಿದರು. ಬಡ ಕುಟುಂಬಗಳ ಶಾಲೆ ಅದು. 1982ರಲ್ಲಿ ಅವರ 18 ವಿದ್ಯಾರ್ಥಿಗಳು ಎಪಿ ಕ್ಯಾಲ್ಕುಲಸ್ ಪಾಸಾದಾಗ ಪರೀಕ್ಷಾ ಸಂಸ್ಥೆ 14 ಮಂದಿಯನ್ನು ಅನುಮಾನಿಸಿತು. ಮತ್ತೆ ಬರೆದ ಹನ್ನೆರಡೂ ಮಂದಿ ಪಾಸಾದರು. ಸಿನಿಮಾ ಆಗಿ ಹೆಸರಾದ ಈ ಕತೆಯಲ್ಲಿ ಜನ ಮರೆಯುವ ಭಾಗವೊಂದಿದೆ. ಎಸ್ಕಲಾಂಟೆ ವರ್ಷಗಟ್ಟಲೆ ಕೆಳಗಿನ ತರಗತಿಗಳ ಗಣಿತವನ್ನು ಗಟ್ಟಿಮಾಡಿದ್ದರು, ಬೇಸಿಗೆ ರಜೆಯಲ್ಲೂ ಪಾಠ ನಡೆಸಿದ್ದರು. ಆ ತಳಹದಿಯಿಲ್ಲದೆ ಎಪಿಗೆ ಸೇರಿಸಿದ ಮಗು ಮೇ ತಿಂಗಳಲ್ಲಿ 1 ಅಂಕ ಪಡೆದು ತಾನು ದಡ್ಡ ಎಂದುಕೊಳ್ಳುತ್ತದೆ.

ಸದ್ಯಕ್ಕೆ ಭರವಸೆ ಹುಟ್ಟಿಸುವುದು ತಾನಾಗಿ ಸೇರಿಸುವ ಪದ್ಧತಿ. ರಾಜ್ಯದ ಪರೀಕ್ಷೆಯಲ್ಲಿ ನಿಗದಿತ ಅಂಕ ಬಂದ ಮಗುವನ್ನು ಯಾರ ಶಿಫಾರಸೂ ಕೇಳದೆ ಶಾಲೆಯೇ ಮೇಲಿನ ಗುಂಪಿಗೆ ಹಾಕುತ್ತದೆ. ಬೇಡವೆಂದರೆ ಪಾಲಕರು ಹೇಳಬೇಕು. ನಾರ್ತ್ ಕ್ಯಾರೊಲಿನಾ 2018ರಲ್ಲಿ, ವಾಷಿಂಗ್ಟನ್ ರಾಜ್ಯ 2019ರಲ್ಲಿ, ಟೆಕ್ಸಸ್ 2023ರಲ್ಲಿ ಇಂಥ ಕಾನೂನು ಮಾಡಿದವು. ಐದನೇ ತರಗತಿಯ ಗಣಿತದಲ್ಲಿ ಮೇಲಿನ ಶೇ. 40ರೊಳಗೆ ಬಂದವರಿಗೆಲ್ಲ ಆರರಲ್ಲಿ ಮುಂದುವರಿದ ಗಣಿತ ಎಂಬುದು ಟೆಕ್ಸಸ್‌ನ ನಿಯಮ. ಅಂಗವೈಕಲ್ಯವುಳ್ಳ ಮಕ್ಕಳಿಗೂ ರಕ್ಷಣೆಯಿದೆ: ಎಪಿಗೆ ಸೇರಬೇಕಾದರೆ ನಿನಗೆ ಕೊಡುತ್ತಿರುವ ವಿಶೇಷ ಸೌಲಭ್ಯ ಬಿಟ್ಟುಬಿಡು ಎಂದು ಶಾಲೆ ಹೇಳುವಂತಿಲ್ಲ.

ಕೆಲಸದ ಮೇಲೆ ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೋ ಟೆಕ್ಸಸ್‌ಗೋ ಹೋಗುವ ಕನ್ನಡ ಕುಟುಂಬಗಳಿಗೂ ಈ ವಿಷಯ ತಟ್ಟುತ್ತದೆ. ಇಲ್ಲಿ ಏಳು, ಎಂಟನೇ ತರಗತಿಯಲ್ಲೇ ಸಮೀಕರಣ ಬಿಡಿಸಿ ಬಂದ ಮಗುವಿಗೆ ಅಲ್ಲಿನ ದಾಖಲೆಯಿಲ್ಲ ಎಂಬ ಕಾರಣಕ್ಕೆ ಸಾಧಾರಣ ಗುಂಪು ಸಿಗಬಹುದು. ಅಂಥವರು ಶಾಲೆಗೆ ಸೇರಿಸುವ ದಿನವೇ ಮಟ್ಟ ಅಳೆಯುವ ಪರೀಕ್ಷೆ ಕೇಳಬೇಕು. ಮಗು ಐದನೇ ತರಗತಿಯಲ್ಲಿರುವಾಗಲೇ, ಗಣಿತದ ಗುಂಪುಗಳನ್ನು ಯಾವ ತಿಂಗಳಲ್ಲಿ, ಯಾವ ಅಂಕದ ಮೇಲೆ ವಿಂಗಡಿಸುತ್ತಾರೆ ಎಂದು ವಿಚಾರಿಸಿ, ಉತ್ತರವನ್ನು ಲಿಖಿತವಾಗಿ ಪಡೆದಿಟ್ಟುಕೊಳ್ಳಬೇಕು.