ಸಂಜೆಯೊಳಗೆ ಕೊಡಬೇಕಾದ ಸಂಬಳ

ಡಿಸೆಂಬರ್‌ನ ಕೊನೆಯ ಹದಿನೈದು ದಿನ ರಜೆ ಹಾಕಿ ಕ್ರಿಸ್‌ಮಸ್‌ಗೆಂದು ಊರಿಗೆ ಹೋಗಿದ್ದೆ. ಹೊರಡುವ ಮುನ್ನ, ಬೆಂಗಳೂರಿನ ಮನೆಗೆ ಅಡುಗೆಗೆ ಬರುವ ಅಕ್ಕನಿಗೆ ‘ನಾನು ಬರೋವರೆಗೂ ಬರೋದು ಬೇಡ ಅಕ್ಕಾ’ ಅಂದಿದ್ದೆ. ತಿಂಗಳಿಗೆ 4,000 ರೂಪಾಯಿ ಸಂಬಳ. ಕೆಲಸ ಮಾಡದ ದಿನಕ್ಕೆ ಯಾಕೆ ಕೊಡಬೇಕು ಅಂತ 2,000 ಹಿಡಿದುಕೊಂಡು ಉಳಿದದ್ದನ್ನು ಕಳಿಸಿದೆ. ಅದೇ ಹದಿನೈದು ದಿನಕ್ಕೆ ನನ್ನ ಕಂಪನಿ ನನಗೆ ಪೂರ್ತಿ ಸಂಬಳ ಕೊಟ್ಟಿತ್ತು. ಆಗ ಅದು ತಲೆಗೇ ಬರಲಿಲ್ಲ.

ಊರಲ್ಲಿ ಮನೆಮನೆಗೆ ಹೋಗಿ ಕ್ಯಾರಲ್ಸ್ ಹಾಡಿದ್ದು, ಕುಸ್ವಾರ್ ಹಂಚಿದ್ದು, ಎಲ್ಲ ಚೆನ್ನಾಗಿಯೇ ಆಯಿತು. ವಾಪಸ್ ಬಂದಾಗ ಅಕ್ಕನ ಕಿವಿ ಖಾಲಿ ಇತ್ತು.

‘ಓಲೆ ಎಲ್ಲಕ್ಕಾ?’

‘ಅಡ ಇಟ್ಟಿದೀನಿ ಮೇಡಂ. ಬಾಡಿಗೆಗೆ ಕಮ್ಮಿ ಬಿತ್ತು.’

ದೂರುವ ದನಿ ಇರಲಿಲ್ಲ. ನಾನು ಲ್ಯಾಪ್‌ಟಾಪ್ ಕಡೆ ತಿರುಗಿದೆ.

ಪರಿಶುದ್ಧತೆ ಎಲ್ಲಿದೆ?

ಆ ಭಾನುವಾರ ಚರ್ಚ್‌ನಲ್ಲಿ ಓದಿದ್ದು ಯಾಜಕಕಾಂಡದ 19ನೇ ಅಧ್ಯಾಯ. ದೇವರು ಪರಿಶುದ್ಧನಾಗಿರುವುದರಿಂದ ಆತನ ಜನರೂ ಪರಿಶುದ್ಧರಾಗಿರಬೇಕು ಎಂಬ ಕರೆಯಿಂದ ಆ ಅಧ್ಯಾಯ ಶುರುವಾಗುತ್ತದೆ. ಪರಿಶುದ್ಧ ಜೀವನ ಅಂದರೆ ಕುಡಿಯದಿರುವುದು, ಸಂಜೆ ಪ್ರಾರ್ಥನೆ ತಪ್ಪಿಸದಿರುವುದು ಅಂತಲೇ ನಾನು ಬೆಳೆದವಳು. ಆದರೆ ಅಲ್ಲಿ ಮುಂದೆ ಬರುವ ಮಾತುಗಳೇ ಬೇರೆ. ಹೊಲದ ಅಂಚಿನ ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ತಕ್ಕಡಿಯಲ್ಲಿ ಮೋಸ ಇರಬಾರದು. ಕೂಲಿಯವನ ಕೂಲಿ ಬೆಳಗಾಗುವ ತನಕ ನಮ್ಮ ಬಳಿ ಉಳಿಯಬಾರದು.

ಮನೆಗೆ ಬಂದು ಧರ್ಮೋಪದೇಶಕಾಂಡದ 24ನೇ ಅಧ್ಯಾಯ ತೆಗೆದೆ. ಅಲ್ಲಿ ಕಾರಣವೂ ಇದೆ: ಅವನು ಬಡವ, ಆ ಕೂಲಿಯನ್ನೇ ನಂಬಿಕೊಂಡಿದ್ದಾನೆ. ಆದ್ದರಿಂದ ಹೊತ್ತು ಮುಳುಗುವ ಮುಂಚೆ ಕೊಡಬೇಕು. ಅವನು ಸ್ವಂತ ಜನವೋ ಪರದೇಶಿಯೋ ಅನ್ನುವುದು ಮುಖ್ಯವಲ್ಲ. ಅಕ್ಕ ನಮ್ಮ ಸಭೆಯವರಲ್ಲ; ಆ ನೆಪವೂ ನನಗೆ ಉಳಿಯಲಿಲ್ಲ.

ಹೊಸ ಒಡಂಬಡಿಕೆಗೆ ಬಂದರೆ, ಯಾಕೋಬನ ಪತ್ರಿಕೆ ಇನ್ನೂ ಖಾರ. ಹಿಡಿದಿಟ್ಟ ಕೂಲಿ ತಾನೇ ಕೂಗುತ್ತದೆ, ಕೊಯ್ಲಿನವರ ಮೊರೆ ದೇವರ ಕಿವಿ ತಲುಪುತ್ತದೆ ಎನ್ನುತ್ತದೆ ಅದರ 5ನೇ ಅಧ್ಯಾಯ. ಕ್ರಿಯೆಯಿಲ್ಲದ ನಂಬಿಕೆಗೆ ಜೀವವಿಲ್ಲ ಅಂತ ಎಚ್ಚರಿಸುವುದೂ ಅದೇ ಪತ್ರಿಕೆ. ನ್ಯಾಯವಿಲ್ಲದ ಹಾಡು ದೇವರಿಗೆ ಬೇಡ ಎಂದು ಪ್ರವಾದಿ ಆಮೋಸ ಹೇಳಿದ್ದು ನೆನಪಾದಾಗ, ನನ್ನ ಕ್ಯಾರಲ್ಸ್ ನನಗೇ ಕೇಳಿಸಿದಂತಾಯಿತು.

ನಿಜ ಹೇಳಬೇಕೆಂದರೆ, ಆ ಭಾನುವಾರ ಕರ್ತನ ಭೋಜನಕ್ಕೆ ನಾನು ಎದ್ದು ಹೋಗಲಿಲ್ಲ. ಯಾರಿಗಾದರೂ ನಮ್ಮ ಮೇಲೆ ನೋವಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸರಿಮಾಡಿಕೊಳ್ಳಿ ಅಂದವನು ಯೇಸುವೇ ಅಲ್ಲವೇ?

ಸಾರಿ ಅಂದರೆ ಸಾಲದು

ಜಕ್ಕಾಯನ ಕಥೆ ಭಾನುವಾರ ಶಾಲೆಯಿಂದಲೂ ಗೊತ್ತು. ಮರ ಹತ್ತಿದ ಕುಳ್ಳ ಅಷ್ಟೇ ನೆನಪಿತ್ತು. ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ ಅಂತ ಅವನು ಎದ್ದು ನಿಂತದ್ದು ಮರೆತಿತ್ತು.

ಸೋಮವಾರ ಬೆಳಿಗ್ಗೆ ಅಕ್ಕನ ಕೈಗೆ ಆ 2,000 ರೂಪಾಯಿ ಕೊಟ್ಟು, ಓಲೆ ಬಿಡಿಸುವ ಬಡ್ಡಿ ನನ್ನದು ಅಂದೆ. ‘ಮೊದಲೇ ಕೇಳಬಾರದಿತ್ತಾ?’ ಅಂದಾಗ ಅವರು ಹೇಳಿದ್ದು ಇಷ್ಟೇ: ‘ಕೇಳಿದ್ರೆ ಕೆಲ್ಸದಿಂದ ಬಿಡ್ಸ್‌ಬಿಡ್ತೀರೇನೋ ಅಂತ ಸುಮ್ನಿದ್ದೆ ಮೇಡಂ.’

ದುಡ್ಡಿಗಿಂತ ಆ ಮಾತು ಚುಚ್ಚಿತು. ದಿನಾ ನನಗೆ ಬಿಸಿ ಚಪಾತಿ ಮಾಡಿಕೊಡುವವರು ನನಗೆ ಹೆದರುತ್ತಿದ್ದರು. ಆ ಹೆದರಿಕೆ ಒಂದು ದಿನದಲ್ಲಿ ಹೋಗುವಂಥದ್ದಲ್ಲ. ಈಗ ಪ್ರತಿ ತಿಂಗಳ 1ನೇ ತಾರೀಕು ಸಂಬಳ ತಾನಾಗಿ ಅವರ ಖಾತೆಗೆ ಹೋಗುತ್ತದೆ. ನಾನು ಊರಿಗೆ ಹೋದರೂ ಕಟ್ ಇಲ್ಲ. ವಾರಕ್ಕೊಂದು ರಜೆ ಅವರದ್ದೇ. ಇದು ದಾನವಲ್ಲ; ಅವರಿಗೆ ಸಲ್ಲಬೇಕಾದದ್ದು.

ಫೆಬ್ರವರಿಯ ಮೊದಲ ಭಾನುವಾರ ಭೋಜನಕ್ಕೆ ಎದ್ದು ಹೋದೆ. ಮರುದಿನ ಅಕ್ಕ ಓಲೆ ಹಾಕಿಕೊಂಡು ಬಂದಿದ್ದರು. ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ಈಗ ಫೋನ್ ನಿಮ್ಮ ಕೈಯಲ್ಲೇ ಇದೆ. ನಿಮ್ಮ ಮನೆಗೆ ಬರುವ ಅಕ್ಕನಿಗೆ ಈ ತಿಂಗಳ ಸಂಬಳ ಪೂರ್ತಿ ಸೇರಿತೇ, ಒಮ್ಮೆ ನೋಡಿಬಿಡಿ.