ಪಾಯಿಂಟ್ ಬಿಟ್ಟು ಕ್ಯಾಲರಿಗೆ ಬರೋದು ಹೇಗೆ? ನಮ್ಮ ಅಡುಗೆಮನೆಯ ಲೆಕ್ಕ

ವಿಡಿಯೋದಲ್ಲಿ ಅಂಕಿಗಳು ಬೇಗ ಬೇಗ ಹೋಗಿಬಿಡ್ತವೆ. ಅದಕ್ಕೇ ಈ ಬರಹದಲ್ಲಿ ಲೆಕ್ಕವನ್ನೆಲ್ಲ ಬಿಡಿಸಿ ಇಟ್ಟಿದ್ದೀನಿ. ಮೊಬೈಲ್‌ನಲ್ಲಿ ತೆರೆದಿಟ್ಟುಕೊಂಡು ಅಡುಗೆಮನೆಯಲ್ಲೇ ಓದಬಹುದು.

ಇವತ್ತಿನ ವಿಷಯ ಇಷ್ಟು: ಪಾಯಿಂಟ್ ಲೆಕ್ಕದ ಡಯಟ್ ಮಾಡ್ತಾ ಇದ್ದವರು ಕ್ಯಾಲರಿ ಲೆಕ್ಕಕ್ಕೆ ಬದಲಾಗೋದು ಹೇಗೆ, ಅದರಿಂದ ಏನು ಸಿಗುತ್ತೆ, ಏನು ಕಳೆದುಹೋಗುತ್ತೆ. ನಾನು ಹೀಗೆ ಬದಲಾಗಿದ್ದಕ್ಕೆ ಕಾರಣ ಸರಳ. ನಮ್ಮಪ್ಪನಿಗೆ ನಲವತ್ತೈದಕ್ಕೇ ಶುಗರ್ ಬಂತು. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ನನ್ನ ಎಚ್‌ಬಿಎ1ಸಿ 6.1 ಅಂತ ಬಂತು. 5.7ರಿಂದ 6.4ರವರೆಗೆ ಬಂದರೆ ಪ್ರೀಡಯಾಬಿಟಿಸ್ ಅಂತಾರೆ. ಅಂದ್ರೆ ಬಾಗಿಲು ಇನ್ನೂ ಪೂರ್ತಿ ಮುಚ್ಚಿಲ್ಲ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಅಧ್ಯಯನದಲ್ಲಿ, ತೂಕವನ್ನ ಶೇಕಡಾ 7ರಷ್ಟು ಇಳಿಸೋದು ಮತ್ತು ವಾರಕ್ಕೆ 150 ನಿಮಿಷ ವ್ಯಾಯಾಮ, ಈ ಎರಡು ಗುರಿ ಇಟ್ಟುಕೊಂಡ ಗುಂಪಿನಲ್ಲಿ ಡಯಾಬಿಟಿಸ್ ಬರುವ ಪ್ರಮಾಣ ಶೇಕಡಾ 58ರಷ್ಟು ಕಡಿಮೆಯಾಗಿತ್ತು. ಆಗ ನನ್ನ ತೂಕ 78 ಕೆಜಿ, ಎತ್ತರ 170 ಸೆಂಟಿಮೀಟರ್. ಶೇಕಡಾ 7 ಅಂದ್ರೆ ಐದೂವರೆ ಕೆಜಿ. ಬಿಎಂಐ 27 ಇತ್ತು. ಭಾರತೀಯರಿಗೆ 23 ದಾಟಿದರೇ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ನಮ್ಮ ವೈದ್ಯರು ಲೆಕ್ಕ ಹಾಕ್ತಾರೆ.

ಪಾಯಿಂಟ್ ಒಳಗೆ ಏನಿದೆ?

ಪಾಯಿಂಟ್ ಪದ್ಧತಿಯನ್ನ ಮನೆಮಾತು ಮಾಡಿದ್ದು ವೇಟ್ ವಾಚರ್ಸ್. ಜೀನ್ ನಿಡೆಚ್ ಅನ್ನೋ ಗೃಹಿಣಿ 1963ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರು ಮಾಡಿದ ಸಂಸ್ಥೆ ಅದು. ಮೊದಲು ಅಲ್ಲಿ ಪಾಯಿಂಟ್ ಇರಲಿಲ್ಲ. ವಾರಕ್ಕೊಮ್ಮೆ ಸೇರಿ ತೂಕ ನೋಡಿ ಮಾತಾಡೋದೇ ಮುಖ್ಯ. ಪಾಯಿಂಟ್ ಅಮೆರಿಕದಲ್ಲಿ ಬಂದಿದ್ದು 1997ರಲ್ಲಿ. ಆಗಿನ ಸೂತ್ರ ಹೀಗಿತ್ತು: ಕ್ಯಾಲರಿಯನ್ನ 50ರಿಂದ ಭಾಗಿಸಿ, ಕೊಬ್ಬಿನ ಗ್ರಾಂಗಳನ್ನ 12ರಿಂದ ಭಾಗಿಸಿ ಕೂಡಿಸಿ, ನಾರಿನ ಗ್ರಾಂಗಳನ್ನ (ಹೆಚ್ಚೆಂದರೆ 4 ಗ್ರಾಂ) 5ರಿಂದ ಭಾಗಿಸಿ ಕಳೆಯಬೇಕು.

ಒಂದು ಚಪಾತಿ ತಗೊಳ್ಳಿ. 30 ಗ್ರಾಂ ಗೋಧಿ ಹಿಟ್ಟು, ಒಂದು ಟೀ ಚಮಚ ಎಣ್ಣೆ. ಸುಮಾರು 140 ಕ್ಯಾಲರಿ, 5 ಗ್ರಾಂ ಕೊಬ್ಬು, 3 ಗ್ರಾಂ ನಾರು. 2.8 ಕೂಡಿಸು 0.4, ಕಳೆ 0.6. ಬಂದದ್ದು 2.6, ಅಂದ್ರೆ ಹತ್ತಿರ ಹತ್ತಿರ 3 ಪಾಯಿಂಟ್. ನೋಡಿದ್ರಾ? ಪಾಯಿಂಟ್ ಒಳಗೆ ಕ್ಯಾಲರಿ ಮೊದಲಿಂದಲೂ ಇತ್ತು. ಕಂಪ್ಯೂಟರ್ ಭಾಷೆಯಲ್ಲಿ ಹೇಳಬೇಕಂದ್ರೆ, ಕ್ಯಾಲರಿ ಡೇಟಾ, ಪಾಯಿಂಟ್ ಅದರ ಮೇಲೆ ಕೂರಿಸಿದ ಡ್ಯಾಶ್‌ಬೋರ್ಡ್.

ಆಮೇಲೆ 2010ರಲ್ಲಿ ಸೂತ್ರ ಬದಲಾಯ್ತು. ಪ್ರೋಟೀನ್, ಕಾರ್ಬೋಹೈಡ್ರೇಟ್, ಕೊಬ್ಬು, ನಾರು ಲೆಕ್ಕಕ್ಕೆ ಬಂದವು. 2015ರ ಕೊನೆಗೆ ಮತ್ತೆ ಬದಲಾಯ್ತು. ಸಕ್ಕರೆ ಮತ್ತು ಸ್ಯಾಚುರೇಟೆಡ್ ಕೊಬ್ಬಿಗೆ ಪಾಯಿಂಟ್ ಹೆಚ್ಚು, ಪ್ರೋಟೀನಿಗೆ ಕಡಿಮೆ. 2017ರ ಕೊನೆಯ ಆವೃತ್ತಿಯಲ್ಲಿ ಮೊಟ್ಟೆ, ಕಾಳು, ಬೇಳೆ, ಚರ್ಮವಿಲ್ಲದ ಕೋಳಿ ಎದೆಮಾಂಸ ಇವೆಲ್ಲ ಸೊನ್ನೆ ಪಾಯಿಂಟ್ ಪಟ್ಟಿಗೆ ಸೇರಿದವು. ಹಣ್ಣು, ತರಕಾರಿ ಅದಕ್ಕೂ ಮೊದಲೇ ಇದ್ದವು. ಇದರ ಉದ್ದೇಶ ಒಳ್ಳೆಯದೇ. ಬಿಸ್ಕೆಟ್ ಬಿಟ್ಟು ಹಣ್ಣು ತಿನ್ನಲಿ, ಚಿಪ್ಸ್ ಬಿಟ್ಟು ಕಾಳು ತಿನ್ನಲಿ ಅಂತ ಒಂದು ಸಣ್ಣ ತಳ್ಳು. ದಿನವೂ ಮಾಂಸ, ಬ್ರೆಡ್, ಚೀಸ್ ತಿನ್ನೋ ಮನೆಗೆ ಈ ತಳ್ಳು ಸರಿಯಾಗಿ ಕೆಲಸ ಮಾಡುತ್ತೆ.

ನಮ್ಮ ತಟ್ಟೆಗೆ ಎಲ್ಲಿ ಹೊಂದಲ್ಲ?

ನಮ್ಮ ಊಟದ ಬುನಾದಿಯೇ ಬೇಳೆ. ಹುಳಿ, ಸಾರು, ಕೂಟು, ಉಸಲಿ, ಕೋಸಂಬರಿ. ಇದರ ಬಹುಭಾಗ ಸೊನ್ನೆ ಪಾಯಿಂಟ್ ಅಂತಾದರೆ ಊಟದ ಅರ್ಧ ಲೆಕ್ಕಕ್ಕೇ ಸಿಗಲ್ಲ. ನಾಲ್ಕು ಜನಕ್ಕೆ ಮಾಡಿದ ಒಂದು ಹುಳಿ ನೋಡೋಣ:

ತೊಗರಿಬೇಳೆ 120 ಗ್ರಾಂ: ಸುಮಾರು 400 ಕ್ಯಾಲರಿ
ತರಕಾರಿ 300 ಗ್ರಾಂ: ಸುಮಾರು 90
ತೆಂಗಿನತುರಿ 50 ಗ್ರಾಂ: ಸುಮಾರು 190
ಒಗ್ಗರಣೆಗೆ ಎರಡು ದೊಡ್ಡ ಚಮಚ ಎಣ್ಣೆ: ಸುಮಾರು 240

ಒಟ್ಟು 920. ಇದರಲ್ಲಿ ಬೇಳೆ, ತರಕಾರಿಯ 490 ಪಾಯಿಂಟ್ ಲೆಕ್ಕದಲ್ಲಿ ಸೊನ್ನೆ. ಇನ್ನೊಂದು ಕಡೆಯಿಂದಲೂ ನೋಡಿ: ಕಣ್ಣಿಗೆ ಕಾಣದ ಎಣ್ಣೆ, ತೆಂಗು ಸೇರಿ 430, ಹತ್ತಿರ ಹತ್ತಿರ ಅರ್ಧ. ಆ್ಯಪ್‌ನಲ್ಲಿ ‘ಸಾಂಬಾರ್, ಒಂದು ಬಟ್ಟಲು’ ಅಂತ ಒತ್ತಿದರೆ ಈ ಎರಡೂ ಸತ್ಯ ಮರೆಯಾಗಿಬಿಡ್ತವೆ. ಯಾರ ಮನೆ ಸಾಂಬಾರ್? ಮಂಗಳೂರು ಕಡೆಯವರದಾ, ಧಾರವಾಡದವರದಾ? ಒಂದರಲ್ಲಿ ತೆಂಗು ರುಬ್ಬಿ ಹಾಕಿರ್ತಾರೆ, ಇನ್ನೊಂದರಲ್ಲಿ ತೆಂಗೇ ಇರಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಸೂತ್ರ ಬದಲಾಗೋದು. ಪದ್ಧತಿ ಬದಲಾದರೆ ಹೋದ ವರ್ಷದ 30 ಪಾಯಿಂಟನ್ನ ಈ ವರ್ಷದ 30ರ ಜೊತೆ ಹೋಲಿಸೋಕೆ ಆಗಲ್ಲ. ಚಂದಾ ನಿಲ್ಲಿಸಿದರೆ ಲೆಕ್ಕವೂ ನಿಂತುಹೋಗುತ್ತೆ. ಕ್ಯಾಲರಿ ಹಾಗಲ್ಲ, ಅದು ಯಾರ ಸ್ವತ್ತೂ ಅಲ್ಲ. ಒಂದು ಕೆಜಿ ನೀರನ್ನ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡೋಕೆ ಬೇಕಾದ ಶಾಖಕ್ಕೆ ಒಂದು ಕಿಲೋಕ್ಯಾಲರಿ ಅಂತಾರೆ; ಊಟದ ಮಾತಲ್ಲಿ ಕ್ಯಾಲರಿ ಅಂದ್ರೆ ಅದೇ. ಕಾರ್ಬೋಹೈಡ್ರೇಟ್ ಗ್ರಾಂಗೆ 4, ಪ್ರೋಟೀನ್ 4, ಕೊಬ್ಬು 9, ಮದ್ಯ 7. ಅಮೆರಿಕದ ವಿಜ್ಞಾನಿ ವಿಲ್ಬರ್ ಆಟ್‌ವಾಟರ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮಾಡಿದ ಕೆಲಸದಿಂದ ಬಂದ ಅಂಕಿಗಳು ಇವು, ಇವತ್ತಿಗೂ ನಡೀತಿವೆ. ನಮ್ಮ ದೇಶದ ಆಹಾರಕ್ಕೆ ಹೈದರಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ನ್ಯೂಟ್ರಿಷನ್ 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಕೋಷ್ಟಕ ಇದೆ. ರಾಗಿ, ಸಜ್ಜೆ, ಹುರುಳಿ, ಅವರೆ ಎಲ್ಲ ಅದರಲ್ಲಿ ಸಿಗುತ್ತೆ.

ನಿಮ್ಮ ಅಂಕಿ ಯಾವುದು?

ಪಾಯಿಂಟನ್ನ 50ರಿಂದ ಗುಣಿಸಿ ಕ್ಯಾಲರಿ ಮಾಡಬೇಡಿ. ದಿನಕ್ಕೆ 23 ಪಾಯಿಂಟ್ ಇದ್ದವರಿಗೆ 1150 ಅಂತ ಬರುತ್ತೆ, ಅದು ತೀರಾ ಕಡಿಮೆ. ಸೊನ್ನೆ ಪಾಯಿಂಟಿನ ಊಟ ಅದರ ಹೊರಗೆ ಇರುತ್ತಲ್ವಾ? ಹೊಸದಾಗಿ ಲೆಕ್ಕ ಹಾಕೋದೇ ಸರಿ.

1990ರ ಮಿಫ್ಲಿನ್–ಸೇಂಟ್ ಜೋರ್ ಸೂತ್ರ ಬಳಸಿ: ತೂಕದ ಕೆಜಿ ಗುಣಿಸು 10, ಕೂಡಿಸು ಎತ್ತರದ ಸೆಂಟಿಮೀಟರ್ ಗುಣಿಸು 6.25, ಕಳೆ ವಯಸ್ಸು ಗುಣಿಸು 5. ಗಂಡಸರು ಕೊನೆಗೆ 5 ಕೂಡಿಸಿ, ಹೆಂಗಸರು 161 ಕಳೆಯಿರಿ. 35 ವಯಸ್ಸು, 78 ಕೆಜಿ, 170 ಸೆಂಟಿಮೀಟರ್ ಅಂದ್ರೆ ಸುಮಾರು 1670. ಇದು ಸುಮ್ಮನೆ ಮಲಗಿದ್ದರೂ ಖರ್ಚಾಗೋದು. ದಿನವಿಡೀ ಕುರ್ಚಿಯಲ್ಲಿ ಕೂರೋ ನಮ್ಮಂಥವರು 1.2ರಿಂದ ಗುಣಿಸಬೇಕು: ಸುಮಾರು 2000. ಇದರಲ್ಲಿ 400 ಕಳೆದರೆ 1600. ಅದೇ ಗುರಿ.

ಒಂದು ಕೆಜಿ ಮೈ ಕೊಬ್ಬಿಗೆ ಸುಮಾರು 7700 ಕ್ಯಾಲರಿ. ದಿನಕ್ಕೆ 400 ಕಡಿಮೆ ಆದರೆ ವಾರಕ್ಕೆ 2800, ಅಂದ್ರೆ 350 ಗ್ರಾಂ ಹತ್ತಿರ. ಕಾಗದದ ಮೇಲೆ ಐದೂವರೆ ಕೆಜಿಗೆ ಮೂರೂವರೆ ತಿಂಗಳು. ಹಬ್ಬ, ಮದುವೆ, ಊರಿಗೆ ಹೋಗಿಬರೋದು ಎಲ್ಲ ಸೇರಿ ನನಗೆ ಏಳು ತಿಂಗಳು ಹಿಡೀತು.

ಒಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತಗೊಳ್ಳೋರು ಊಟ ಕಡಿಮೆ ಮಾಡೋ ಮೊದಲು ಡಾಕ್ಟರ್ ಹತ್ರ ಮಾತಾಡಲೇಬೇಕು. ಕೆಲವು ಔಷಧಿಗಳಿಂದ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬಸುರಿಯರಿಗೆ, ಹಾಲೂಡಿಸೋ ತಾಯಂದಿರಿಗೆ, ಊಟದ ಬಗ್ಗೆ ಭಯ ಅಥವಾ ಗೀಳು ಇದ್ದವರಿಗೆ ಈ ಎಣಿಕೆ ಬೇಡ. ಸೂತ್ರದ ಪ್ರಕಾರ 1200ಕ್ಕಿಂತ ಕೆಳಗೆ ಬಂದರೆ ಊಟ ಕತ್ತರಿಸಬೇಡಿ, ನಡಿಗೆ ಹೆಚ್ಚಿಸಿ.

ಅಡುಗೆಮನೆಯಲ್ಲಿ ಮಾಡೋದು ಹೇಗೆ?

ಒಂದು ಡಿಜಿಟಲ್ ತಕ್ಕಡಿ ಸಾಕು. ಖಾಲಿ ಪಾತ್ರೆಗಳ ತೂಕ ನೋಡಿ ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿ. ಹುಳಿ ಆದ ಮೇಲೆ ಪಾತ್ರೆ ಸಮೇತ ತೂಗಿ, ಪಾತ್ರೆ ತೂಕ ಕಳೆಯಿರಿ. 1600 ಗ್ರಾಂ ಹುಳಿಯಲ್ಲಿ 920 ಕ್ಯಾಲರಿ ಅಂದ್ರೆ 100 ಗ್ರಾಂಗೆ ಸುಮಾರು 57. 150 ಗ್ರಾಂ ಹಾಕ್ಕೊಂಡರೆ 85. ನಾವು ಮನೇಲಿ ಮಾಡೋದು ಹತ್ತು ಹನ್ನೆರಡು ಅಡುಗೆ, ಸುತ್ತಿ ಸುತ್ತಿ ಅವೇ. ಒಂದು ತಿಂಗಳಲ್ಲಿ ಪಟ್ಟಿ ಮುಗಿಯುತ್ತೆ.

ಅಕ್ಕಿಯಲ್ಲಿ ಹುಷಾರು. ಹಸಿ ಅಕ್ಕಿ 100 ಗ್ರಾಂಗೆ 350ಕ್ಕೆ ಹತ್ತಿರ, ಬೆಂದ ಅನ್ನ 100 ಗ್ರಾಂಗೆ 130ಕ್ಕೆ ಹತ್ತಿರ. ಆ್ಯಪ್‌ನಲ್ಲಿ ಬರೀ ‘ರೈಸ್’ ಅಂತ ಕಂಡರೆ ಯಾವುದು ಅಂತ ನೋಡಿ. ಮುದ್ದೆಗೂ ಇದೇ ಮಾತು: ಹಿಟ್ಟಿನ ತೂಕ ಹಿಡಿಯಿರಿ. ರಾಗಿ ಹಿಟ್ಟು 100 ಗ್ರಾಂಗೆ ಸುಮಾರು 320. ಮುದ್ದೆ ಅನ್ನಕ್ಕಿಂತ ಹಗುರ ಅಂತ ನಂಬಿಕೆ ಇದೆ. ಗ್ರಾಂ ಲೆಕ್ಕದಲ್ಲಿ ವ್ಯತ್ಯಾಸ ಸಣ್ಣದು. ನಾರು ಹೆಚ್ಚಿರೋದರಿಂದ ಹೊಟ್ಟೆ ತುಂಬಿದ ಹಾಗಿರುತ್ತೆ, ಅದು ಬೇರೆ ಲಾಭ.

ಒಗ್ಗರಣೆಯನ್ನ ದಿನಾ ಅಳೆಯೋಕೆ ಬೇಜಾರಾದರೆ ಎಣ್ಣೆಯ ಡಬ್ಬಿ ನೋಡಿ. ಒಂದು ಲೀಟರ್ ಎಣ್ಣೆಯಲ್ಲಿ ಸುಮಾರು 8200 ಕ್ಯಾಲರಿ ಇದೆ. ಮೂರು ಜನರ ಮನೆಯಲ್ಲಿ ತಿಂಗಳಿಗೆ ಮೂರು ಲೀಟರ್ ಖಾಲಿಯಾದರೆ ತಲೆಗೆ ದಿನಕ್ಕೆ 270ಕ್ಕೂ ಮೇಲೆ. ಅದನ್ನ ಎರಡು ಲೀಟರಿಗೆ ಇಳಿಸಿದರೆ ಯಾರ ತಟ್ಟೆಯಿಂದಲೂ ಏನೂ ತೆಗೆಯದೆ ಒಬ್ಬೊಬ್ಬರಿಗೆ ದಿನಕ್ಕೆ 90 ಉಳೀತು. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಲೆಕ್ಕ ಇದೇ. ಮನೆಯಲ್ಲಿ ಜಗಳವೂ ಆಗಲ್ಲ!

ಪಿಜಿಯಲ್ಲಿ ಇರೋರು, ಡಬ್ಬಾ ತರಿಸೋರು ಏನು ಮಾಡಬೇಕು? ಪಲ್ಯದ ಎಣ್ಣೆ ನಿಮ್ಮ ಕೈಯಲ್ಲಿಲ್ಲ. ಚಪಾತಿ, ಅನ್ನ ತೂಗಿ ಹಾಕ್ಕೊಳ್ಳಿ, ಮೇಲೆ ತೇಲೋ ಎಣ್ಣೆ ಬಟ್ಟಲಲ್ಲೇ ಬಿಡಿ, ಪಲ್ಯಕ್ಕೆ ಎರಡು ಟೀ ಚಮಚ ಎಣ್ಣೆ, ಅಂದ್ರೆ 80, ಅಂತ ಕಣ್ಣುಮುಚ್ಚಿ ಸೇರಿಸಿ. ದೊಡ್ಡ ಚೈನ್ ಹೋಟೆಲುಗಳು ಮೆನುವಿನಲ್ಲಿ ಕ್ಯಾಲರಿ ಹಾಕಬೇಕು ಅಂತ ಎಫ್‌ಎಸ್‌ಎಸ್‌ಎಐ ನಿಯಮ ಇದೆ, ಕೇಳಿ ನೋಡಿ. ಪೊಟ್ಟಣದ ತಿಂಡಿಯಲ್ಲಿ ‘100 ಗ್ರಾಂಗೆ’ ಅನ್ನೋ ಸಾಲು ಓದಿ. ಪುಣೆಯಲ್ಲಿ ಇರೋರಿಗೆ ಗೊತ್ತು, ಭಾಕರವಡಿ ಪೊಟ್ಟಣ ಒಡೆದರೆ ಮೂರಕ್ಕೆ ಕೈ ನಿಲ್ಲಲ್ಲ. 100 ಗ್ರಾಂಗೆ 500 ಅಂತ ಬರೆದಿದ್ದರೆ, 200 ಗ್ರಾಂ ಪೊಟ್ಟಣ ಪೂರ್ತಿ ಅಂದ್ರೆ ಸಾವಿರ.

ಈ ಅಂದಾಜುಗಳಲ್ಲಿ ತಪ್ಪಿರಲ್ವಾ? ಇರುತ್ತೆ. ಆದರೆ ದಿನಾ ಒಂದೇ ರೀತಿ ಅಳೆದರೆ ತಪ್ಪೂ ಒಂದೇ ರೀತಿ ಇರುತ್ತೆ. ಬೆಳಿಗ್ಗೆ ಎದ್ದು ತೂಕ ನೋಡಿ, ಏಳು ದಿನದ ಸರಾಸರಿ ತೆಗೀರಿ. ಉಪ್ಪಿನಕಾಯಿ ತಿಂದ ಮಾರನೇ ದಿನ ನೀರಿನಿಂದಲೇ ತೂಕ ಒಂದು ಕೆಜಿ ಏರಬಹುದು, ಅದಕ್ಕೆ ಒಂದು ದಿನದ ಅಂಕಿ ನಂಬಬೇಡಿ. ಮೂರು ನಾಲ್ಕು ವಾರ ಆದರೂ ಸರಾಸರಿ ಇಳೀಲಿಲ್ಲ ಅಂದ್ರೆ ಗುರಿಯಿಂದ 100 ಕಳೆಯಿರಿ. ಸೂತ್ರ ಶುರು ಮಾಡೋಕೆ ಮಾತ್ರ, ಆಮೇಲಿನ ತೀರ್ಪು ತಕ್ಕಡಿಯದ್ದು. ಹಾಗೇ, ಕೈಗಡಿಯಾರ ‘350 ಸುಟ್ಟಿದ್ದೀರಿ’ ಅಂದ ಕೂಡಲೇ ಅಷ್ಟನ್ನೂ ತಿನ್ನೋಕೆ ಹೋಗಬೇಡಿ.

ಕಳೆದುಹೋಗೋದು ಏನು?

ಪಾಯಿಂಟ್ ಮಾಡ್ತಿದ್ದ ಒಂದು ಒಳ್ಳೆ ಕೆಲಸ ಕ್ಯಾಲರಿ ಮಾಡಲ್ಲ. 1600 ಕ್ಯಾಲರಿಯನ್ನ ಬರೀ ಬಿಸ್ಕೆಟ್, ಟೀಯಲ್ಲೂ ಮುಗಿಸಬಹುದು, ಲೆಕ್ಕ ಸರಿಯಾಗೇ ಇರುತ್ತೆ. ಅದಕ್ಕೆ ಕ್ಯಾಲರಿ ಜೊತೆ ಇನ್ನೊಂದು ಅಂಕಿ ಇಟ್ಟುಕೊಳ್ಳಿ, ಪ್ರೋಟೀನ್. ಐಸಿಎಂಆರ್ ಹೇಳೋದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ. 70 ಕೆಜಿಗೆ 58 ಗ್ರಾಂ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗೋದನ್ನ ಕಡಿಮೆ ಮಾಡೋದು ಇದೇ, ಜೊತೆಗೆ ಸ್ವಲ್ಪ ಭಾರ ಎತ್ತೋ ವ್ಯಾಯಾಮ. ಮೊಟ್ಟೆ ಒಂದಕ್ಕೆ 6 ಗ್ರಾಂ, 100 ಗ್ರಾಂ ಮೊಸರಿಗೆ 3, 30 ಗ್ರಾಂ ಬೇಳೆಗೆ 6ರಿಂದ 7. ಸಸ್ಯಾಹಾರಿಗಳು ಕೂಡಿಸಿ ನೋಡಿ, ಒಂದು ಸೌಟು ತಿಳಿಸಾರಲ್ಲಿ ಆಗೋ ಮಾತಲ್ಲ. ಗಟ್ಟಿ ಹುಳಿ, ಕಾಳು ಉಸಲಿ, ಮೊಸರು, ಪನೀರ್ ಬೇಕೇ ಬೇಕು.

ಇನ್ನೊಂದು, ಜೊತೆಗಾರರು. ನಿಡೆಚ್ ಶುರು ಮಾಡಿದ ವಾರದ ಸಭೆಯ ಬಲ ಅದೇ ಆಗಿತ್ತು. ಬೇರೆ ಊರಲ್ಲಿ ಒಂಟಿಯಾಗಿ ಇರೋ ನಮಗೆ ಅದರ ಬೆಲೆ ಇನ್ನೂ ಹೆಚ್ಚು. ನಾವು ನಾಲ್ಕು ಜನ ಕನ್ನಡದವರು ಭಾನುವಾರ ಬೆಳಿಗ್ಗೆ ವಾಕಿಂಗ್ ಹೋಗಿ, ವಾರದ ಸರಾಸರಿ ಹೇಳಿಕೊಳ್ತೀವಿ. ಆ್ಯಪ್‌ಗೆ ಕೊಡ್ತಿದ್ದ ಚಂದಾ ಈಗ ಮಿಸಳ್‌ಗೆ ಹೋಗುತ್ತೆ, ಅದನ್ನೂ ಲೆಕ್ಕಕ್ಕೆ ಬರೀತೀವಿ.

ಈಗ ನನ್ನ ತೂಕ 72, ಎಚ್‌ಬಿಎ1ಸಿ 5.8. ಗೆರೆಯ ಮೇಲೆ ಇನ್ನೂ ಒಂದು ಚುಕ್ಕಿ ಇದ್ದೀನಿ, ಹಾಗಾಗಿ ಎಣಿಕೆ ನಡೀತಾ ಇದೆ, ಆರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ. ನೀವು ಇವತ್ತೇ ಎಲ್ಲ ಶುರು ಮಾಡಬೇಕಾಗಿಲ್ಲ. ಈ ತಿಂಗಳು ಎಣ್ಣೆ ಡಬ್ಬಿಯ ಮೇಲೆ ಒಡೆದ ದಿನಾಂಕ ಬರೆದಿಡಿ, ಖಾಲಿಯಾದ ದಿನ ಲೆಕ್ಕ ಹಾಕಿ. ಮೂವತ್ತು ದಾಟಿದ್ದು, ಅಪ್ಪ ಅಮ್ಮನಿಗೆ ಶುಗರ್ ಇದ್ದರೆ, ಎಚ್‌ಬಿಎ1ಸಿ ಒಂದು ಸಲ ಮಾಡಿಸಿ.