ಮುಖ ನೋಡಿ ಅಳೆಯುವ ಮಹಾನಗರ: ಈಶಾನ್ಯದವರ ದೂರಿಗೆ ಕಾನೂನಿನಲ್ಲಿ ಹೆಸರಿಲ್ಲ

2012ರ ಆಗಸ್ಟ್ ಮಧ್ಯಭಾಗದಲ್ಲಿ ಬೆಂಗಳೂರಿನ ಸಿಟಿ ರೈಲು ನಿಲ್ದಾಣ ಅಪರೂಪದ ಜನದಟ್ಟಣೆಗೆ ಸಾಕ್ಷಿಯಾಗಿತ್ತು. ಹಲ್ಲೆ ನಡೆಯಲಿದೆ ಎಂಬ ವದಂತಿ ಎಸ್‌ಎಂಎಸ್‌ಗಳ ಮೂಲಕ ಹಬ್ಬಿ, ಕೆಲವೇ ದಿನಗಳಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿ ಗುವಾಹಟಿಯತ್ತ ಹೊರಟರು. ರೈಲ್ವೆ ಇಲಾಖೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಕೇಂದ್ರ ಸರ್ಕಾರ ಸಗಟು ಎಸ್‌ಎಂಎಸ್‌ಗಳ ಮೇಲೆ 15 ದಿನಗಳ ನಿರ್ಬಂಧ ಹೇರಿತು.

ವದಂತಿಗೆ ಹಿನ್ನೆಲೆಯಾದದ್ದು ಅದೇ ಜುಲೈನಲ್ಲಿ ಅಸ್ಸಾಂನ ಕೊಕ್ರಝಾರ್ ಪ್ರದೇಶದಲ್ಲಿ ಬೋಡೊ ಸಮುದಾಯದವರು ಹಾಗೂ ಬಂಗಾಳಿ ಭಾಷಿಕ ಮುಸ್ಲಿಮರ ನಡುವೆ ನಡೆದ ಹಿಂಸಾಚಾರ. ಆದರೆ ರೈಲು ಹತ್ತಿದವರಲ್ಲಿ ಆ ಸಂಘರ್ಷಕ್ಕೆ ಸಂಬಂಧವೇ ಇಲ್ಲದ ಮಣಿಪುರ, ನಾಗಾಲ್ಯಾಂಡ್‌ನವರೂ ಇದ್ದರು. ಮಹಾನಗರ ತಮ್ಮನ್ನು ಗುರುತಿಸುವುದು ಊರು, ಭಾಷೆಗಳಿಂದಲ್ಲ, ಮುಖಚಹರೆಯಿಂದ ಎಂಬುದು ಅವರಿಗೆ ಗೊತ್ತಿತ್ತು.

ಎಂಟು ರಾಜ್ಯ, ಒಂದೇ ಹಣೆಪಟ್ಟಿ

ಮೈತೇಯಿ, ನಾಗಾ, ಮಿಜೊ, ಖಾಸಿ, ಬೋಡೊ ಜನರ ಭಾಷೆ, ಧರ್ಮ, ಇತಿಹಾಸಗಳು ಬೇರೆಬೇರೆ. ತವರಿನಲ್ಲಿ ಪರಸ್ಪರ ವೈಮನಸ್ಯ ಇರುವ ಸಮುದಾಯಗಳೂ ಉಂಟು. ಆದರೆ ದೆಹಲಿ ಅಥವಾ ಬೆಂಗಳೂರಿಗೆ ಬಂದಿಳಿದ ಕೂಡಲೇ ಎಲ್ಲರೂ ‘ಈಶಾನ್ಯದವರು’. ‘ಚೀನಾದವರೇ, ನೇಪಾಳದವರೇ’ ಎಂಬ ಪ್ರಶ್ನೆಗೆ ಉತ್ತರಿಸುವುದು ನಿತ್ಯದ ಕೆಲಸ. ಓದು ಮತ್ತು ಉದ್ಯೋಗವನ್ನರಸಿ ಬಂದವರು ಬಾಡಿಗೆ ಮನೆಗಾಗಿ ಅಲೆಯುವಾಗಲೂ ಇದೇ ಪ್ರಶ್ನೆ ಎದುರಾಗುತ್ತದೆ.

ವಿಚಿತ್ರವೆಂದರೆ, ನಗರ ಅಂಟಿಸಿದ ಈ ಹಣೆಪಟ್ಟಿಯೇ ಅವರಿಗೆ ಆಸರೆಯೂ ಆಗಿದೆ. ವಿದ್ಯಾರ್ಥಿ ಸಂಘಟನೆಗಳು, ಚರ್ಚ್‌ಗಳು, ದೆಹಲಿಯ ಹುಮಾಯೂನ್‌ಪುರದಂಥ ಬಡಾವಣೆಗಳ ಹೋಟೆಲುಗಳು ಊರಿನ ಭೇದ ಮರೆತು ಕೂಡುವ ತಾಣಗಳಾಗಿವೆ.

ಹೊಂದಿಕೊಳ್ಳುವ ಹೊಣೆ ಯಾರದು?

2007ರಲ್ಲಿ ದೆಹಲಿ ಪೊಲೀಸರು ಈಶಾನ್ಯದ ವಿದ್ಯಾರ್ಥಿಗಳಿಗಾಗಿ ಸುರಕ್ಷತಾ ಕೈಪಿಡಿಯೊಂದನ್ನು ಹೊರತಂದಿದ್ದರು. ಮೈ ಕಾಣುವಂಥ ಉಡುಪು ಬೇಡ. ಕಳಲೆ ಹಾಗೂ ಹುಳಿಬರಿಸಿದ ಸೋಯಾ ಕಾಳಿನ ‘ಅಖುನಿ’ಯಂಥ ವಾಸನೆಯ ಅಡುಗೆಯಿಂದ ನೆರೆಹೊರೆಯಲ್ಲಿ ಗದ್ದಲವಾಗದಂತೆ ನೋಡಿಕೊಳ್ಳಿ ಎಂಬ ಸಲಹೆಗಳು ಅದರಲ್ಲಿದ್ದವು. ಕೊಡಗು, ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ರುಚಿಯಾದ ಕಳಲೆ, ಅಲ್ಲಿ ಶಾಂತಿಭಂಗದ ವಸ್ತುವಾಗಿತ್ತು. ಕಿರುಕುಳ ಕೊಡುವವರಿಗಲ್ಲ, ಅನುಭವಿಸುವವರಿಗೆ ಬುದ್ಧಿ ಹೇಳುವ ಈ ಧೋರಣೆ ತೀವ್ರ ಟೀಕೆಗೆ ಗುರಿಯಾಯಿತು.

2014ರ ಜನವರಿಯಲ್ಲಿ ಅರುಣಾಚಲ ಪ್ರದೇಶದ ವಿದ್ಯಾರ್ಥಿ ನಿಡೊ ತಾನಿಯಾ ದೆಹಲಿಯ ಲಾಜಪತ್ ನಗರದಲ್ಲಿ ತಮ್ಮ ಕೂದಲಿನ ಬಗ್ಗೆ ನಡೆದ ಅಪಹಾಸ್ಯವನ್ನು ಪ್ರತಿಭಟಿಸಿ ಹಲ್ಲೆಗೊಳಗಾದರು, ಮರುದಿನ ಮೃತಪಟ್ಟರು. ಆ ಬಳಿಕ ಕೇಂದ್ರ ಸರ್ಕಾರ ಎಂ.ಪಿ. ಬೆಜ್‌ಬರುವಾ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು.

ಕಾನೂನು ಏನನ್ನುತ್ತದೆ?

ಜನಾಂಗದ ಆಧಾರದಲ್ಲಿ ತಾರತಮ್ಯವನ್ನು ಸಂವಿಧಾನದ 15ನೇ ವಿಧಿ ನಿಷೇಧಿಸುತ್ತದೆ. ಅಂಗಡಿ, ಹೋಟೆಲುಗಳ ಪ್ರವೇಶಕ್ಕೂ ಅದರ ರಕ್ಷಣೆ ಉಂಟು. ಆದರೆ ಮುಖ ನೋಡಿ ಬಾಡಿಗೆ ಮನೆ ನಿರಾಕರಿಸುವ ಖಾಸಗಿ ಮಾಲೀಕರನ್ನು ಪ್ರಶ್ನಿಸಲು ದೇಶದಲ್ಲಿ ಸಮಗ್ರ ತಾರತಮ್ಯ ವಿರೋಧಿ ಕಾಯ್ದೆ ಇಲ್ಲ.

ಜನಾಂಗೀಯ ನಿಂದನೆಯನ್ನು ಪ್ರತ್ಯೇಕ ಅಪರಾಧವೆಂದು ಪರಿಗಣಿಸಲು ಭಾರತೀಯ ದಂಡ ಸಂಹಿತೆಗೆ 153ಸಿ ಮತ್ತು 509ಎ ಎಂಬ ಎರಡು ಕಲಂ ಸೇರಿಸಬೇಕೆಂದು ಬೆಜ್‌ಬರುವಾ ಸಮಿತಿ 2014ರಲ್ಲಿ ಶಿಫಾರಸು ಮಾಡಿತ್ತು. ಅವು ಜಾರಿಗೆ ಬರಲಿಲ್ಲ. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯು ಐವರು ಅಥವಾ ಹೆಚ್ಚು ಮಂದಿಯ ಗುಂಪು ಜನಾಂಗ, ಜನ್ಮಸ್ಥಳ, ಭಾಷೆಯಂಥ ಕಾರಣಕ್ಕೆ ನಡೆಸುವ ಹತ್ಯೆಗೆ ಕಠಿಣ ಶಿಕ್ಷೆ ವಿಧಿಸುತ್ತದೆ. ಗುಂಪಿನಿಂದ ಜೀವ ಹೋದರೆ ಜನಾಂಗದ ಪ್ರಶ್ನೆ ಏಳುತ್ತದೆ. ಬೀದಿಯಲ್ಲಿ ಒಬ್ಬ ಹೀಯಾಳಿಸಿದರೆ ಅದು ಸಾಮಾನ್ಯ ಜಗಳವೆಂದೇ ದಾಖಲಾಗುವ ಸಂಭವ ಹೆಚ್ಚು.

2020ರ ಮಾರ್ಚ್‌ನಲ್ಲಿ ಕೋವಿಡ್ ಹರಡಿದಾಗ ಈಶಾನ್ಯದವರನ್ನು ‘ಕೊರೊನಾ’ ಎಂದು ಮೂದಲಿಸಿದ ಪ್ರಕರಣಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಸೂಚಿಸಬೇಕಾಯಿತು. ಸೂಚನೆ ಬಂದರೂ ಠಾಣೆಯಲ್ಲಿ ದೂರು ಬರೆದುಕೊಳ್ಳುವವರ ಲೇಖನಿಯೇ ನಿರ್ಣಾಯಕ. ಆದ್ದರಿಂದ ದೂರುದಾರರು ತಮ್ಮ ಮೇಲೆ ಪ್ರಯೋಗವಾದ ನಿಂದನೆಯ ಪದಗಳನ್ನು ಆಡಿದಂತೆಯೇ ಬರೆಸುವುದು ಅಗತ್ಯ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಸಲ್ಲಿಸಲು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅವಕಾಶ ನೀಡಿದೆ. ದ್ವೇಷದ ಮಾತು ಕಡತ ಸೇರದಿದ್ದರೆ, ನ್ಯಾಯಾಲಯದ ಮುಂದೆ ಉಳಿಯುವುದು ಬರೀ ಹೊಡೆದಾಟದ ಕಥೆ.